ಸಿಗ್ ಪಿ365 ಮತ್ತು ಗ್ಲಾಕ್ 43ಎಕ್ಸ್: ನಿತ್ಯ ಮೈಮೇಲೆ ಇಟ್ಟುಕೊಳ್ಳಲು ಯಾವುದು?

ಬಟ್ಟೆಯ ಮರೆಯಲ್ಲಿ ದಿನವೂ ಒಯ್ಯುವ ಪಿಸ್ತೂಲನ್ನು ಕೊಳ್ಳುವಾಗ ಹೆಚ್ಚಿನವರು ಗುಂಡು ಹಾರಿಸಿ ನೋಡಿ ತೀರ್ಮಾನಿಸುತ್ತಾರೆ. ಆದರೆ ಅಂಥ ಪಿಸ್ತೂಲು ತನ್ನ ಆಯುಷ್ಯದ ಬಹುಪಾಲನ್ನು ಗುಂಡು ಹಾರಿಸದೆ, ಸೊಂಟದ ಬಳಿ ಸುಮ್ಮನೆ ಕುಳಿತೇ ಕಳೆಯುತ್ತದೆ. ಸಿಗ್ ಸವರ್ ಕಂಪನಿಯ ಪಿ365 ಮತ್ತು ಗ್ಲಾಕ್ ಕಂಪನಿಯ 43ಎಕ್ಸ್ ಎರಡನ್ನೂ ಟೆಕ್ಸಸ್‌ನ ಹೂಸ್ಟನ್ ಸೆಕೆಯಲ್ಲಿ ಕೆಲವು ವರ್ಷಗಳಿಂದ ಬಳಸುತ್ತ ಬಂದಿರುವ ನಾನು ಈಗ ಸಿಗ್ಗನ್ನು ಮೈಮೇಲೆ ಇಟ್ಟುಕೊಳ್ಳುತ್ತೇನೆ, ಗ್ಲಾಕನ್ನು ಮನೆಯಲ್ಲಿ ಇಟ್ಟಿದ್ದೇನೆ. ಶೂಟಿಂಗ್ ರೇಂಜಿನಲ್ಲಿ ನನ್ನ ಗುರಿ ಗ್ಲಾಕ್‌ನಿಂದಲೇ ಹೆಚ್ಚು ಚೆನ್ನಾಗಿ ಬೀಳುತ್ತದೆ ಎಂದು ತಿಳಿದೂ ಹೀಗೇಕೆ ಮಾಡಿದೆ ಎಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಮಾತು, ಏಕೆಂದರೆ ಇಲ್ಲಿರುವ ನಮ್ಮವರಲ್ಲಿ ಇದರ ಬಗ್ಗೆ ಗೊಂದಲ ಬಹಳ. ಎಚ್-1ಬಿ ಸೇರಿದಂತೆ ತಾತ್ಕಾಲಿಕ ವೀಸಾದ ಮೇಲಿರುವವರು ಬಂದೂಕು ಹೊಂದುವುದನ್ನು ಅಮೆರಿಕದ ಒಕ್ಕೂಟ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬೇಟೆಯ ಪರವಾನಗಿ ಪಡೆದವರಿಗೆ ಇರುವಂಥ ಕೆಲವೇ ವಿನಾಯಿತಿಗಳಿದ್ದು, ಅವನ್ನು ಗೆಳೆಯರ ಬಾಯಿಮಾತಿನ ಮೇಲೆ ನಂಬದೆ ವಕೀಲರನ್ನೇ ಕೇಳಬೇಕು. ಗ್ರೀನ್ ಕಾರ್ಡ್ ಇರುವವರಿಗೂ ನಾಗರಿಕರಿಗೂ ಈ ನಿಷೇಧ ಅನ್ವಯಿಸುವುದಿಲ್ಲ. ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ, ಕಾನೂನಿನ ಅಡ್ಡಿಯಿಲ್ಲದ 21 ವರ್ಷ ಮೇಲ್ಪಟ್ಟವರು ಪರವಾನಗಿ ಇಲ್ಲದೆಯೂ ಪಿಸ್ತೂಲು ಒಯ್ಯಬಹುದು. ಹಾಗಿದ್ದರೂ ನಾನು ಪರವಾನಗಿಯನ್ನು ಉಳಿಸಿಕೊಂಡಿದ್ದೇನೆ. ಅದರ ತರಗತಿಯಲ್ಲಿ ಯಾವಾಗ ಬಲಪ್ರಯೋಗ ಮಾಡಬಹುದು, ಯಾವಾಗ ಕೂಡದು ಎಂಬುದನ್ನು ಹೇಳಿಕೊಡುತ್ತಾರೆ, ಮತ್ತು ಆ ಜ್ಞಾನ ಪಿಸ್ತೂಲಿಗಿಂತ ಮುಖ್ಯವಾದದ್ದು ಎಂದು ನಾನು ದೃಢವಾಗಿ ನಂಬಿದ್ದೇನೆ.

ನಾನು ಔಷಧಿ ಅಂಗಡಿ ನಡೆಸುವವಳು. ತೀವ್ರ ನೋವಿನ ಮಾತ್ರೆಗಳಿಗಾಗಿ ಔಷಧಿ ಅಂಗಡಿಗಳ ಮೇಲೆ ಕಣ್ಣಿಡುವ ಕಳ್ಳರು ಈ ದೇಶದಲ್ಲಿದ್ದಾರೆ. ರಾತ್ರಿ ಬಾಗಿಲು ಹಾಕಿ ಕಾರಿನವರೆಗೆ ಒಬ್ಬಳೇ ನಡೆಯಬೇಕಾಗುತ್ತದೆ. ಹುಟ್ಟೂರು ಕೊಡಗು ಆದ್ದರಿಂದ ಕೋವಿ ನನಗೆ ಹೊಸತಲ್ಲ. ಆಯುಧಗಳನ್ನು ಪೂಜಿಸುವ ಕೊಡವರ ಹಬ್ಬವಾದ ಕೈಲ್‌ಪೊಳ್ದಿನಂದು ಕೋವಿಗಳನ್ನು ಒರೆಸಿ, ನಳಿಗೆಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜಿಸಿದ ನಂತರ ತೆಂಗಿನಕಾಯಿಗೆ ಗುರಿಯಿಡುವುದನ್ನು ಚಿಕ್ಕಂದಿನಿಂದ ಕಂಡವಳು. ಆದರೆ ಎಲ್ಲರೂ ನೋಡುವಂತೆ ಹೆಗಲ ಮೇಲೆ ಹೊರುವ ಉದ್ದ ನಳಿಗೆಯ ಕೋವಿಯ ಅಭ್ಯಾಸ, ಯಾರಿಗೂ ಕಾಣದಂತೆ ಹೊಟ್ಟೆಗೆ ಒತ್ತಿಕೊಂಡಿರುವ 9 ಎಂಎಂ ಪಿಸ್ತೂಲಿಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಭಾರತದಲ್ಲಿ 9 ಎಂಎಂ, ಸಾಮಾನ್ಯರಿಗೆ ಪರವಾನಗಿ ಸಿಗದ ನಿಷೇಧಿತ ಬೋರ್ (ನಳಿಗೆಯ ಒಳ ಅಳತೆ) ಆಗಿರುವುದರಿಂದ ಊರಿನಲ್ಲಿ ಅದನ್ನು ಕಲಿಯುವ ಅವಕಾಶವೂ ನನಗಿರಲಿಲ್ಲ. ಎಲ್ಲವನ್ನೂ ಇಲ್ಲಿಗೆ ಬಂದ ಮೇಲೆ ಮೊದಲಿನಿಂದ ಕಲಿಯಬೇಕಾಯಿತು.

ಎರಡೂ ಪಿಸ್ತೂಲುಗಳ ಬೆಲೆ 500 ಡಾಲರ್‌ನ ಆಸುಪಾಸಿನಲ್ಲಿದೆ, ಎರಡರ ಮೂಲ ಮ್ಯಾಗಜಿನ್‌ನಲ್ಲೂ (ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ) 10 ಗುಂಡು ಹಿಡಿಸುತ್ತವೆ. ಅಲ್ಲಿಗೆ ತಲುಪಿದ ದಾರಿ ಮಾತ್ರ ಬೇರೆ ಬೇರೆ. 2015ರಲ್ಲಿ ಬಂದ ಗ್ಲಾಕ್ 43ರಲ್ಲಿ ಗುಂಡುಗಳು ಒಂದೇ ಸಾಲಿನಲ್ಲಿ ಕೂರುತ್ತಿದ್ದು, ಆರು ಮಾತ್ರ ಹಿಡಿಸುತ್ತಿದ್ದವು. 2018ರಲ್ಲಿ ಸಿಗ್ ಕಂಪನಿಯು ಗುಂಡುಗಳನ್ನು ಒಂದಕ್ಕೊಂದು ಓರೆಯಾಗಿ ಪೇರಿಸಿ, ಮೇಲಕ್ಕೆ ಬಂದಂತೆ ಒಂದೇ ಸಾಲಿಗೆ ಕಿರಿದಾಗುವ ಮ್ಯಾಗಜಿನ್ ರೂಪಿಸಿ, ಅಷ್ಟೇ ಪುಟ್ಟ ಪಿಸ್ತೂಲಿನಲ್ಲಿ ಹತ್ತನ್ನು ಕೂರಿಸಿತು. ಮರುವರ್ಷ ಗ್ಲಾಕ್ ತನ್ನ 43ರ ತೆಳು ಸ್ಲೈಡನ್ನು (ಹಿಂದೆ ಮುಂದೆ ಜಾರುವ ಮೇಲ್ಭಾಗ) ಹಾಗೆಯೇ ಇಟ್ಟುಕೊಂಡು, ಕೆಳಗಿನ ಹಿಡಿಯನ್ನು ಉದ್ದ ಮಾಡಿ 43ಎಕ್ಸ್ ತಂದಿತು. ಪರಿಣಾಮವಾಗಿ ಸಿಗ್‌ನ ಎತ್ತರ ಸುಮಾರು 4.3 ಇಂಚು, ಗ್ಲಾಕ್‌ನದು ಸುಮಾರು 5 ಇಂಚು. ನಳಿಗೆಯ ಉದ್ದದಲ್ಲಿ 3.1 ಇಂಚಿಗೂ 3.4 ಇಂಚಿಗೂ ಇರುವ ವ್ಯತ್ಯಾಸ ಮೈಮೇಲೆ ಗೊತ್ತೇ ಆಗುವುದಿಲ್ಲ; ಖಾಲಿ ಮ್ಯಾಗಜಿನ್ ಸಹಿತ ಎರಡೂ ಅರ್ಧ ಕೆಜಿಯಷ್ಟೇ ತೂಗುತ್ತವೆ. ವ್ಯತ್ಯಾಸವೆಲ್ಲ ಇರುವುದು ಹಿಡಿಯ ಆ ಮುಕ್ಕಾಲು ಇಂಚಿನಲ್ಲಿ.

ನಳಿಗೆ ಪ್ಯಾಂಟಿನ ಒಳಗೆ ಇಳಿದುಬಿಡುವುದರಿಂದ ಅದು ಎಷ್ಟು ಉದ್ದವಿದ್ದರೂ ಹೊರಗೆ ಕಾಣುವುದಿಲ್ಲ. ಸೊಂಟಪಟ್ಟಿಯ ಮೇಲಕ್ಕೆ ಉಳಿಯುವುದು ಹಿಡಿ ಮಾತ್ರ, ಅಂಗಿಯನ್ನು ಹೊರಕ್ಕೆ ತಳ್ಳುವುದೂ ಅದೇ. ಅಂಗಡಿಯಲ್ಲಿ ಕೆಳಗಿನ ಖಾನೆಯಿಂದ ಬಾಟಲಿ ತೆಗೆಯಲು ಬಗ್ಗಿದಾಗ ಗ್ಲಾಕ್‌ನ ಹಿಡಿಯ ಹಿಂಬದಿಯ ಕೆಳತುದಿ ಕುರ್ತಾದ ಬಟ್ಟೆಯನ್ನು ಡೇರೆಯಂತೆ ಎತ್ತುತ್ತದೆ. ಬಿಳಿ ಕೋಟು ತೊಟ್ಟಿರುವವರೆಗೆ ಅಡ್ಡಿಯಿಲ್ಲ, ಕೋಟು ತೆಗೆದು ಹೊರಗೆ ಬಂದರೆ ನೋಡುವ ಕಣ್ಣಿಗೆ ಅದು ಏನೆಂದು ತಿಳಿಯುತ್ತದೆ. ಸಿಗ್‌ನ ಗಿಡ್ಡ ಹಿಡಿ ಅದೇ ಕುರ್ತಾದ ಒಳಗೆ ಮೈಯ ಬಾಗಿಗೆ ಹೊಂದಿಕೊಂಡು ಮರೆಯಾಗುತ್ತದೆ. ಚಳಿಗಾಲದ ಜಾಕೆಟ್ಟಿನೊಳಗೆ ಎರಡಕ್ಕೂ ಭೇದವಿಲ್ಲವಾದರೂ ಹೂಸ್ಟನ್ನಿನಲ್ಲಿ ಜಾಕೆಟ್ ಹಾಕುವ ದಿನಗಳು ಕಡಿಮೆ. ಕಾರಿನಲ್ಲಿ ಸೀಟ್ ಬೆಲ್ಟ್ ಬಿಗಿದು ಕುಳಿತಾಗಲೂ ಗ್ಲಾಕ್‌ನ ಹಿಡಿ ಪಕ್ಕೆಲುಬಿನ ಕೆಳಗೆ ಒತ್ತುತ್ತದೆ. ಸಿಗ್ ಒತ್ತುವುದು ಕಡಿಮೆ. ಒತ್ತುವ ಪಿಸ್ತೂಲನ್ನು ಮನುಷ್ಯರು ದಿನಕಳೆದಂತೆ ಮನೆಯಲ್ಲೇ ಬಿಟ್ಟು ಹೋಗತೊಡಗುತ್ತಾರೆ ಎಂಬುದನ್ನು ನಾನು ಹಲವು ಪರಿಚಿತರಲ್ಲಿ ಕಂಡಿದ್ದೇನೆ. ಸೀರೆ ಉಟ್ಟ ದಿನ ನಾನು ಎರಡನ್ನೂ ಒಯ್ಯುವುದಿಲ್ಲ. ಬೆಲ್ಟು ಹಾಕಲಾಗದ ಉಡುಪಿನಲ್ಲಿ ಭದ್ರವಾದ ಜಾಗವೇ ಇಲ್ಲ, ಕೈಚೀಲದಲ್ಲಿ ಹಾಕಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಕೈಚೀಲವನ್ನು ಕಿತ್ತುಕೊಂಡು ಓಡುವವನಿಗೆ ಪಿಸ್ತೂಲನ್ನೂ ಕೊಟ್ಟಂತಾಗುತ್ತದೆ.

ಹೋಲ್‌ಸ್ಟರ್, ಅಂದರೆ ಪಿಸ್ತೂಲಿನ ಒರೆಯ ವಿಷಯದಲ್ಲಿ ಉಳಿತಾಯ ನೋಡಬಾರದು. ಆಯಾ ಮಾದರಿಗೆಂದೇ ಅಚ್ಚಿಳಿಸಿದ, ಟ್ರಿಗರ್ ಸುತ್ತಲಿನ ಬಳೆಯನ್ನು ಪೂರ್ತಿ ಮುಚ್ಚುವ ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಹೋಲ್‌ಸ್ಟರ್ ಮತ್ತು ಬಾಗದ ಬೆಲ್ಟು ಇವೆರಡೂ ಇಲ್ಲದಿದ್ದರೆ ಯಾವ ಪಿಸ್ತೂಲೂ ನಿತ್ಯಬಳಕೆಗೆ ಯೋಗ್ಯವಲ್ಲ. ಮೆತ್ತನೆಯ ಬಟ್ಟೆಯ ಹೋಲ್‌ಸ್ಟರ್ ಅಗ್ಗ, ಹಿತ. ಆದರೆ ಅದರ ಬಾಯಿ ಒಳಕ್ಕೆ ಮಡಚಿಕೊಂಡು, ಪಿಸ್ತೂಲನ್ನು ಮರಳಿ ಇಡುವಾಗ ಟ್ರಿಗರ್‌ಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಪ್ಯಾಂಟಿನ ಕಡೆಯಿಂದ ತಳ್ಳಿ ಹಿಡಿಯನ್ನು ಹೊಟ್ಟೆಯ ಕಡೆಗೆ ತಿರುಗಿಸುವ ಒಂದು ಚಿಕ್ಕ ರೆಕ್ಕೆ ಹೋಲ್‌ಸ್ಟರ್‌ನಲ್ಲಿದ್ದರೆ ಗ್ಲಾಕ್ ಕೂಡ ಎಷ್ಟೋ ಚೆನ್ನಾಗಿ ಮರೆಯಾಗುತ್ತದೆ.

ಗುಂಡು ಹಾರಿಸುವಾಗ ಈ ಲೆಕ್ಕವೆಲ್ಲ ತಿರುವುಮುರುವಾಗುತ್ತದೆ. ಗ್ಲಾಕ್‌ನ ಹಿಡಿಯಲ್ಲಿ ಕಿರುಬೆರಳಿಗೂ ಜಾಗವಿರುವುದರಿಂದ ಅಂಗೈ ತುಂಬ ಹಿಡಿಯಬಹುದು, ಒದೆತದ ನಂತರ ಪಿಸ್ತೂಲು ತಾನಾಗಿ ಗುರಿಗೆ ಮರಳಿ ಬಂದು ನಿಲ್ಲುತ್ತದೆ. ಸಿಗ್‌ನ ಚಪ್ಪಟೆ ತಳದ ಮ್ಯಾಗಜಿನ್ ಹಾಕಿದಾಗ ಕಿರುಬೆರಳು ಗಾಳಿಯಲ್ಲಿ ಉಳಿಯುತ್ತದೆ. ಮುಂದಕ್ಕೆ ಚಾಚಿದ ತಳವಿರುವ ಮ್ಯಾಗಜಿನ್ ಹಾಕಿದರೆ ಅದಕ್ಕೊಂದು ಆಸರೆ ಸಿಗುತ್ತದೆ. 12 ಗುಂಡುಗಳ ಮ್ಯಾಗಜಿನ್ ಹಾಕಿದರೆ ಹಿಡಿತ ಪೂರ್ಣವಾಗುತ್ತದೆ, ಆದರೆ ಎತ್ತರವೂ ಗ್ಲಾಕ್‌ನ ಸಮೀಪಕ್ಕೆ ಬರುತ್ತದೆ. ಟೆಕ್ಸಸ್ ಪರವಾನಗಿ ಪರೀಕ್ಷೆಯಲ್ಲಿ 3, 7 ಮತ್ತು 15 ಗಜಗಳಿಂದ ಒಟ್ಟು 50 ಗುಂಡು ಹಾರಿಸಬೇಕು. 3 ಮತ್ತು 7 ಗಜಗಳಲ್ಲಿ ಎರಡೂ ನನ್ನ ಕೈಯಲ್ಲಿ ಸಮ. 15 ಗಜಕ್ಕೆ ಹೋದಾಗ ಗ್ಲಾಕ್‌ನ ಗುಂಡುಗಳು ಒತ್ತಾಗಿ ಬೀಳುತ್ತವೆ, ಸಿಗ್‌ನವು ಸ್ವಲ್ಪ ಚದುರುತ್ತವೆ. ಹಾಗೆಂದು ಸಿಗ್ ಗುರಿ ತಪ್ಪುವ ಪಿಸ್ತೂಲಲ್ಲ. ಪುಟ್ಟ ಹಿಡಿಯನ್ನು ಪ್ರತಿ ಸಲವೂ ಒಂದೇ ರೀತಿ ಹಿಡಿಯಲು ಹೆಚ್ಚು ಅಭ್ಯಾಸ ಬೇಕು, ಅಷ್ಟೆ. ಸಿಗ್‌ನ ಜೊತೆ ಬರುವ, ಕತ್ತಲಲ್ಲಿ ಹೊಳೆಯುವ ಗುರಿಚುಕ್ಕೆಗಳು ಗ್ಲಾಕ್‌ನ ಸಾದಾ ಪ್ಲಾಸ್ಟಿಕ್ ಚುಕ್ಕೆಗಳಿಗಿಂತ ಬಹಳ ಮೇಲು. ರಾತ್ರಿ ಅಂಗಡಿ ಮುಚ್ಚುವವರಿಗೆ ಇದು ಸಣ್ಣ ವಿಷಯವಲ್ಲ.

ಟ್ರಿಗರ್ ಕುರಿತು ಸ್ವಲ್ಪ ದೀರ್ಘವಾಗಿಯೇ ಹೇಳಬೇಕು. ಗ್ಲಾಕ್‌ನ ಟ್ರಿಗರ್ ನಡುವೆ ಒಂದು ಚಿಕ್ಕ ಅಲಗಿದ್ದು, ಬೆರಳು ಅದನ್ನು ಸರಿಯಾಗಿ ಒತ್ತದ ಹೊರತು ಟ್ರಿಗರ್ ಹಿಂದಕ್ಕೆ ಸರಿಯುವುದಿಲ್ಲ. ಒತ್ತುತ್ತ ಹೋದಂತೆ ಒಂದು ಸ್ಪಷ್ಟವಾದ ತಡೆ ಸಿಗುತ್ತದೆ, ಅದನ್ನು ದಾಟಿದರೆ ಗುಂಡು ಹಾರುತ್ತದೆ. ಸಿಗ್‌ನ ಟ್ರಿಗರ್‌ನಲ್ಲಿ ಅಲಗಿಲ್ಲ, ಎಳೆತ ನಯವಾಗಿದೆ. ಬೇಕೆನ್ನುವವರಿಗೆ ಹೆಬ್ಬೆರಳಿನಿಂದ ಒತ್ತುವ ಸೇಫ್ಟಿ ಇರುವ ಮಾದರಿಯೂ ಸಿಗುತ್ತದೆ, ನಾನು ಕೊಂಡಿರುವುದು ಅದನ್ನೇ. ಆದರೆ ನನಗೆ ಹೆಚ್ಚು ಮುಖ್ಯವೆನಿಸಿದ್ದು ಪಿಸ್ತೂಲನ್ನು ಬಿಚ್ಚಿ ಒರೆಸುವ ರೀತಿ. ಗ್ಲಾಕನ್ನು ಬಿಚ್ಚಬೇಕಾದರೆ, ಚೇಂಬರ್ (ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗ) ಖಾಲಿ ಇದೆಯೆಂದು ಖಚಿತಪಡಿಸಿಕೊಂಡು, ಟ್ರಿಗರ್ ಒಮ್ಮೆ ಎಳೆಯಲೇಬೇಕು. ಸಿಗ್‌ನಲ್ಲಿ ಸ್ಲೈಡನ್ನು ಹಿಂದಕ್ಕೆಳೆದು ಸಿಕ್ಕಿಸಿ, ಪಕ್ಕದ ಸನ್ನೆಯನ್ನು ತಿರುಗಿಸಿದರೆ ಸಾಕು, ಟ್ರಿಗರ್ ಮುಟ್ಟುವ ಅಗತ್ಯವಿಲ್ಲ. ಕ್ರಮ ತಪ್ಪದವರಿಗೆ ಎರಡೂ ಸುರಕ್ಷಿತವೇ. ಆದರೂ ಇಡೀ ದಿನ ನಿಂತು ದಣಿದ ಮೇಲೆ, ಮಕ್ಕಳಿರುವ ಮನೆಯಲ್ಲಿ ಈ ಕೆಲಸ ಮಾಡುವವಳಾದ ನನಗೆ, ಟ್ರಿಗರ್ ಎಳೆಯುವ ಆ ಒಂದು ಹೆಜ್ಜೆ ಇಲ್ಲದಿರುವುದೇ ಸಮಾಧಾನ.

ಹೆಸರು ಹತ್ತಿರವಿರುವುದರಿಂದ ಹಲವರು ಪಿ365ನ್ನು ಪಿ320 ಎಂದು ತಪ್ಪು ತಿಳಿಯುತ್ತಾರೆ. ಟ್ರಿಗರ್ ಎಳೆಯದೆ ಗುಂಡು ಹಾರಿತೆಂಬ ದೂರು ಮತ್ತು ಮೊಕದ್ದಮೆಗಳು ಕೇಳಿಬಂದದ್ದು ಪಿ320ರ ಬಗ್ಗೆ. ಪಿ365ರ ಒಳಗಿನ ಯಂತ್ರವಿನ್ಯಾಸ ಬೇರೆ. ಪಿ365 ಮಾರುಕಟ್ಟೆಗೆ ಬಂದ ಮೊದಲ ತಿಂಗಳುಗಳಲ್ಲಿ ಸ್ಟ್ರೈಕರ್ (ಗುಂಡಿನ ಹಿಂಬದಿಗೆ ಬಡಿದು ಅದನ್ನು ಸಿಡಿಸುವ ಮೊಳೆ) ಮುರಿಯುವ ದೂರುಗಳಿದ್ದವು, ನಂತರದ ತಯಾರಿಕೆಯಲ್ಲಿ ಅದು ಸುಧಾರಿಸಿತು. ಆದ್ದರಿಂದ ಸೆಕೆಂಡ್ ಹ್ಯಾಂಡ್ ಕೊಳ್ಳುವವರು 2018ರ ಆರಂಭದ ಪಿಸ್ತೂಲುಗಳನ್ನು ಬಿಟ್ಟು ಮುಂದಿನವನ್ನು ನೋಡುವುದು ಒಳ್ಳೆಯದು. ನನ್ನ ಎರಡೂ ಪಿಸ್ತೂಲುಗಳು ಈವರೆಗೆ ಯಾವ ತೊಂದರೆಯನ್ನೂ ಕೊಟ್ಟಿಲ್ಲ. ಗ್ಲಾಕ್‌ಗೆ ಬೇರೆ ಕಂಪನಿಯವರು ಮಾಡುವ 15 ಗುಂಡುಗಳ ಉಕ್ಕಿನ ಮ್ಯಾಗಜಿನ್ ಸಿಗುತ್ತದೆ. ರೇಂಜಿನಲ್ಲಿ ಅಭ್ಯಾಸಕ್ಕೆ ಅದು ಸರಿ. ಪ್ರಾಣರಕ್ಷಣೆಗೆಂದು ಒಯ್ಯುವಾಗ ಮೂಲ ಮ್ಯಾಗಜಿನ್ ಬಿಟ್ಟು ಬೇರೆಯದನ್ನು ನಾನು ಬಳಸುವುದಿಲ್ಲ.

ನಿತ್ಯಬಳಕೆಯಲ್ಲಿ ಮಾತ್ರ ತಿಳಿಯುವ ಕೆಲವು ಸಂಗತಿಗಳಿವೆ. ಪ್ರತಿ ರಾತ್ರಿ ಚೇಂಬರ್‌ನಿಂದ ಗುಂಡು ತೆಗೆದು, ಬೆಳಿಗ್ಗೆ ಅದನ್ನೇ ಮತ್ತೆ ತುಂಬುತ್ತಿದ್ದರೆ, ಸೀಸದ ತುದಿ ಕ್ರಮೇಣ ಹಿತ್ತಾಳೆಯ ಕೋಶದೊಳಕ್ಕೆ ಇಳಿಯುತ್ತದೆ. ಹಾಗೆ ಇಳಿದ ಗುಂಡನ್ನು ಹಾರಿಸಿದರೆ ಒಳಗಿನ ಒತ್ತಡ ಅಪಾಯಕರವಾಗಿ ಏರಬಹುದು. ಹೊಸ ಗುಂಡಿನ ಪಕ್ಕದಲ್ಲಿ ನಿಲ್ಲಿಸಿ ಎತ್ತರ ನೋಡುವ ಅಭ್ಯಾಸವಿಟ್ಟುಕೊಳ್ಳಬೇಕು, ಗಿಡ್ಡವಾಗಿ ಕಂಡದ್ದನ್ನು ಬಳಸಬಾರದು. ಇನ್ನು, ಅಂಚೆ ಕಚೇರಿಗೂ ಶಾಲೆಗೂ ಪಿಸ್ತೂಲು ಒಯ್ಯುವಂತಿಲ್ಲ, 30.06 ಎಂಬ ಅಂಕಿಯೊಂದಿಗೆ (ಪರವಾನಗಿ ಇರುವವರೂ ಪಿಸ್ತೂಲನ್ನು ಮರೆಮಾಡಿ ತರಬಾರದೆಂಬ ಟೆಕ್ಸಸ್ ಕಾನೂನಿನ ಕಲಮು) ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ದಪ್ಪ ಅಕ್ಷರದ ಫಲಕ ಹಾಕಿರುವ ಅಂಗಡಿ, ಆಸ್ಪತ್ರೆಗಳಿಗೂ ಅಷ್ಟೆ. ಅಂಥ ಅಂಗಡಿ, ಆಸ್ಪತ್ರೆಗಳ ಹೊರಗೆ ಕಾರಿನಲ್ಲಿ ಬಿಡಬೇಕಾದಾಗ ಪಿಸ್ತೂಲನ್ನು ಹೋಲ್‌ಸ್ಟರ್ ಸಮೇತ ಸೊಂಟದಿಂದ ತೆಗೆದು, ಸೀಟಿನ ಕಂಬಿಗೆ ಉಕ್ಕಿನ ಹಗ್ಗದಿಂದ ಬಿಗಿದ ಚಿಕ್ಕ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುತ್ತೇನೆ. ಹೋಲ್‌ಸ್ಟರ್ ಸಮೇತ ಎಂಬುದು ಮುಖ್ಯ, ಟ್ರಿಗರ್ ಆಗ ಮುಚ್ಚಿಕೊಂಡೇ ಇರುತ್ತದೆ. ಸಿಗ್ ಪುಟ್ಟದಾದ್ದರಿಂದ ಹೋಲ್‌ಸ್ಟರ್ ಸಮೇತ ಆ ಪೆಟ್ಟಿಗೆಯಲ್ಲಿ ಸಲೀಸಾಗಿ ಹಿಡಿಸುತ್ತದೆ, ಗ್ಲಾಕ್‌ಗೆ ದೊಡ್ಡ ಪೆಟ್ಟಿಗೆ ಬೇಕಾಯಿತು.

ತೆಳ್ಳಗಿನ ಮೈಕಟ್ಟಿನವರು, ಗಿಡ್ಡ ಅಂಗಿ ತೊಡುವವರು, ದಿನದ ಬಹುಪಾಲು ಕುಳಿತು ಕೆಲಸ ಮಾಡುವವರು ಸಿಗ್ ಪಿ365 ಕೊಳ್ಳಲಿ. ಕೈ ದೊಡ್ಡದಿರುವವರು, ಮೊದಲ ಸಲ ಪಿಸ್ತೂಲು ಹಿಡಿಯುತ್ತಿರುವವರು, ರೇಂಜಿಗೆ ಪದೇ ಪದೇ ಹೋಗಲು ಬಿಡುವಿಲ್ಲದವರು ಗ್ಲಾಕ್ 43ಎಕ್ಸ್ ಕೊಳ್ಳಲಿ. ಬೇಗ ಕೈಗೆ ಒಗ್ಗುವುದು ಅದೇ. ಎರಡನ್ನೂ ಬಾಡಿಗೆಗೆ ಕೊಡುವ ರೇಂಜುಗಳು ಇಲ್ಲಿವೆ, ಆದರೆ ಅಲ್ಲಿ ಪರೀಕ್ಷಿಸಲು ಸಾಧ್ಯವಾಗುವುದು ಹಾರಿಸುವುದನ್ನು ಮಾತ್ರ. ಕೊಳ್ಳುವ ಮುನ್ನ, ಎರಡೂ ಮಾದರಿಗಳನ್ನು ಹೊಂದಿರುವ ಪರಿಚಿತರ ಮನೆಗೆ ಹೋಗಿ, ಖಾಲಿ ಮಾಡಿ ಇಬ್ಬರೂ ಪರೀಕ್ಷಿಸಿದ ಪಿಸ್ತೂಲನ್ನು ಹೋಲ್‌ಸ್ಟರ್ ಸಮೇತ ನಿಮ್ಮದೇ ನಿತ್ಯದ ಬಟ್ಟೆಯೊಳಗೆ ಇಟ್ಟು, ಕುರ್ಚಿಯಲ್ಲಿ ಕುಳಿತು, ಬಗ್ಗಿ, ಕೈಯೆತ್ತಿ ನೋಡಿ. ನನ್ನ ಗ್ಲಾಕನ್ನು ನಾನು ಮಾರಿಲ್ಲ. ನನ್ನದು ಎಂಒಎಸ್, ಅಂದರೆ ಸ್ಲೈಡಿನ ಮೇಲೆ ಗುರಿ ಹಿಡಿಯುವ ಮಸೂರವನ್ನೂ ಕೂರಿಸಬಹುದಾದ ಮಾದರಿ, ಅದರಲ್ಲಿ ನಳಿಗೆಯ ಕೆಳಗೆ ದೀಪ ಸಿಕ್ಕಿಸುವ ಹಳಿಯಿದೆ. ದೀಪ ಹಾಕಿಕೊಂಡು, ಬೆರಳೊತ್ತಿದರೆ ತೆರೆಯುವ ಪೆಟ್ಟಿಗೆಯಲ್ಲಿ, ಮಕ್ಕಳ ಕೈಗೆ ಸಿಗದಂತೆ ಅದು ಮಲಗುವ ಕೋಣೆಯಲ್ಲಿದೆ. ಮಕ್ಕಳ ಕೈಗೆ ಸಿಗುವಂತೆ ಬಂದೂಕು ಬಿಡುವುದು ಟೆಕ್ಸಸ್ ಕಾನೂನಿನಲ್ಲಿ ಅಪರಾಧ ಕೂಡ, ಹಾಗಾಗಿ ಪಿಸ್ತೂಲಿನ ಬೆಲೆಯ ಜೊತೆಗೆ ಅಂಥ ಒಂದು ಪೆಟ್ಟಿಗೆಯ ಬೆಲೆಯನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.