ಹಳ್ಳದ ದಂಡೆಯ ಪಂಪಿಗೆ ಮೂರು ದಾರಿ: ಮೊಬೈಲ್ ಸ್ಟಾರ್ಟರ್, ಎನ್‌ಬಿ-ಐಒಟಿ, ಲೋರಾ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಅಡಿಕೆ ತೋಟಕ್ಕೆ ನೀರೆತ್ತುವ 5 ಎಚ್‌ಪಿ ಪಂಪು ಮನೆಯಿಂದ ನೇರವಾಗಿ ಅಳೆದರೆ 1.4 ಕಿಲೋಮೀಟರ್ ದೂರದಲ್ಲಿ, ಹಳ್ಳದ ದಂಡೆಯ ಹೆಂಚಿನ ಶೆಡ್ಡಿನಲ್ಲಿದೆ. ನಡುವೆ ಗುಡ್ಡವೊಂದು ಅಡ್ಡ ಬಂದಿರುವುದರಿಂದ ನಡೆದು ಹೋಗುವವರಿಗೆ ಅದು ಅರ್ಧ ಗಂಟೆಯ ದಾರಿ. ಕರ್ನಾಟಕದಲ್ಲಿ ಕೃಷಿ ಪಂಪ್‌ಸೆಟ್‌ಗಳಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ವಿದ್ಯುತ್ ಎಂಬ ಲೆಕ್ಕವಿದ್ದರೂ ನಮ್ಮಲ್ಲಿ ಆ ಏಳು ಗಂಟೆ ಒಂದು ವಾರ ಹಗಲಿಗೆ ಬಂದರೆ ಇನ್ನೊಂದು ವಾರ ರಾತ್ರಿಗೆ ಬರುತ್ತದೆ. ಎಪ್ಪತ್ನಾಲ್ಕು ವರ್ಷದ ಅಪ್ಪಯ್ಯ ಬ್ಯಾಟರಿ ಹಿಡಿದು ನಡುರಾತ್ರಿ ಗುಡ್ಡ ಸುತ್ತುತ್ತಿದ್ದರು. ನಾನು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್ ಪಾಠ ಹೇಳುವವನು. "ವೈರಿಲ್ಲದೆ ಮಾತಾಡಿಸುವುದನ್ನು ಊರ ಮಕ್ಕಳಿಗೆಲ್ಲ ಕಲಿಸುತ್ತೀಯಲ್ಲ ಮಾರಾಯ, ಆ ಪಂಪನ್ನು ಒಂದು ಮಾತಾಡಿಸಿಕೊಡು" ಎಂದು ಅವರು ಹೇಳಿದ ಮೇಲೆ ಮೂರು ಬೇಸಿಗೆಗಳಲ್ಲಿ ಮೂರು ವ್ಯವಸ್ಥೆಗಳನ್ನು ಕಟ್ಟಿ ನೋಡಿದೆ. ಈ ಹೋಲಿಕೆಯಲ್ಲಿರುವ ಅಳತೆಗಳು ನಮ್ಮ ಒಂದು ತೋಟದವು. ಬಯಲುಸೀಮೆಯವರಿಗೆ ಅವು ಹಾಗೆಯೇ ಹೊಂದುವುದಿಲ್ಲ.

ಕರೆಂಟ್ ಬಂದೊಡನೆ ತಾನೇ ಪಂಪನ್ನು ಚಾಲೂ ಮಾಡುವ ಆಟೊ ಸ್ವಿಚ್ಚನ್ನು ನಾನು ಸ್ಪರ್ಧೆಗೆ ಸೇರಿಸಿಲ್ಲ. ನೇರವಾಗಿ ಚಾಲೂ ಆಗುವ ಮೋಟಾರು ಮೊದಲ ಕ್ಷಣಗಳಲ್ಲಿ ತನ್ನ ಸಾಮಾನ್ಯ ವಿದ್ಯುತ್ತಿನ ಸುಮಾರು ಆರು ಪಟ್ಟು ಎಳೆಯುತ್ತದೆ. ಒಂದೇ ಟಿ.ಸಿ.ಯ (ಟ್ರಾನ್ಸ್‌ಫಾರ್ಮರಿನ) ಮೇಲಿನ ಹತ್ತು ಪಂಪುಗಳು ಒಂದೇ ಕ್ಷಣದಲ್ಲಿ ಹಾಗೆ ಎಳೆದರೆ ವೋಲ್ಟೇಜು ಕುಸಿದು ಯಾವ ಮೋಟಾರೂ ಸರಿಯಾಗಿ ತಿರುಗುವುದಿಲ್ಲ, ಫ್ಯೂಸ್ ಹೋಗುತ್ತದೆ, ಕೆಲವೊಮ್ಮೆ ಟಿ.ಸಿ.ಯೇ ಹೋಗುತ್ತದೆ. ನಮ್ಮ ಕೇರಿಯಲ್ಲಿ ಇದನ್ನು ಎಲ್ಲರೂ ಕಂಡಿದ್ದೇವೆ, ಆದರೂ ಎಲ್ಲರ ಶೆಡ್ಡಿನಲ್ಲೂ ಆಟೊ ಸ್ವಿಚ್ ಇದೆ.

ಮೊದಲ ಬೇಸಿಗೆ ಅಂಗಡಿಯಲ್ಲಿ ಸಿಗುವ ಮೊಬೈಲ್ ಸ್ಟಾರ್ಟರಿನದು. ಸ್ಟಾರ್ಟರ್ ಪೆಟ್ಟಿಗೆಯ ಪಕ್ಕದಲ್ಲಿ ಇನ್ನೊಂದು ಪುಟ್ಟ ಪೆಟ್ಟಿಗೆ, ಅದರೊಳಗೆ ಸಿಮ್ ಹಾಕಿದ 2ಜಿ ಮಾಡ್ಯೂಲು. ಕರೆ ಮಾಡಿ ಅಂಕಿ ಒತ್ತಬಹುದು, ಇಲ್ಲವೇ ಎಸ್ಸೆಮ್ಮೆಸ್ ಕಳಿಸಬಹುದು. ಫೇಸ್ ಹೋದರೆ ಅಥವಾ ನೀರಿಲ್ಲದೆ ಮೋಟಾರು ಬರಿದೇ ತಿರುಗಿದರೆ ಎಳೆಯುವ ವಿದ್ಯುತ್ತಿನ ಏರಿಳಿತವನ್ನು ನೋಡಿ ತಾನೇ ನಿಲ್ಲಿಸುತ್ತದೆ. ಪೇಟೆಯ ಮೋಟಾರ್ ರಿಪೇರಿಯವನಿಗೂ ಅದರ ಒಳಹೊರಗು ಗೊತ್ತು. ಇದು ಸಣ್ಣ ಅನುಕೂಲವಲ್ಲ, ಅದರ ಬೆಲೆ ನನಗೆ ತಿಳಿದದ್ದು ಎರಡು ವರ್ಷದ ನಂತರ. ಕೊಳ್ಳುವಾಗ ಒಂದನ್ನು ಮಾತ್ರ ಗಮನಿಸಬೇಕು: ಜಿಯೊ ಜಾಲದಲ್ಲಿ 2ಜಿ ಇಲ್ಲದಿರುವುದರಿಂದ ಹಳೆಯ ಬಗೆಯ ಸ್ಟಾರ್ಟರುಗಳಿಗೆ ಬೇರೆ ಕಂಪನಿಯ ಸಿಮ್ಮೇ ಬೇಕು, ಮತ್ತು ಮಳೆಗಾಲದಲ್ಲಿ ಪಂಪು ಮಲಗಿದ್ದರೂ ಆ ಸಿಮ್ಮನ್ನು ಜೀವಂತವಾಗಿಡಲು ರೀಚಾರ್ಜ್ ಮಾಡುತ್ತಿರಬೇಕು.

ಶೆಡ್ಡಿನಲ್ಲಿ ಸಿಗ್ನಲ್ ಒಂದು ಕಡ್ಡಿ ಇದ್ದರೆ ಪುಣ್ಯ, ಕರೆ ತಾಗುವುದು ಕಷ್ಟ. ಹಾಗಾಗಿ ಅಪ್ಪಯ್ಯ ಎಸ್ಸೆಮ್ಮೆಸ್ಸನ್ನೇ ರೂಢಿ ಮಾಡಿಕೊಂಡರು. ಮಾರ್ಚಿಯ ಒಂದು ಸಂಜೆ ಗಾಳಿಮಳೆ ಬಂದು ಕರೆಂಟ್ ಹೋಗಿತ್ತು; ರಾತ್ರಿ ಎಂಟರ ಸುಮಾರಿಗೆ ತ್ರೀ ಫೇಸ್ ಬಂದದ್ದನ್ನು ನೋಡಿ ಅವರು ಚಾಲೂ ಮಾಡುವ ಸಂದೇಶ ಕಳಿಸಿದರು. ಉತ್ತರ ಬರಲಿಲ್ಲ. ಮತ್ತೊಮ್ಮೆ ಕಳಿಸಿ, ಇವತ್ತು ಆಗುವುದಿಲ್ಲವೆಂದು ಮಲಗಿದರು. ಶೆಡ್ಡಿನ ಕಡೆಯ ಟವರು ಬ್ಯಾಟರಿ ಮುಗಿದು ಸತ್ತಿತ್ತು. ಅದು ಎದ್ದದ್ದು ರಾತ್ರಿ ಎರಡೂವರೆಯ ಮೇಲೆ, ಆಗ ಎಂಟು ಗಂಟೆಯ ಆಜ್ಞೆ ಪಂಪನ್ನು ತಲುಪಿತು. ಬೆಳಿಗ್ಗೆ ಎದ್ದು ನೋಡಿದರೆ ತೊಟ್ಟಿ ತುಂಬಿ ಹರಿದ ನೀರು ಪಕ್ಕದ ಮನೆಯವರ ಗದ್ದೆಗೆ ಇಳಿದು ಹುಲ್ಲಿನ ಬಣವೆಯ ಬುಡವನ್ನು ತೋಯಿಸಿತ್ತು. ಆ ಮನೆಯವರು ಏನೂ ಅನ್ನಲಿಲ್ಲ, ಆದರೆ ಅಪ್ಪಯ್ಯ ಒಂದು ವಾರ ಆ ದಾರಿಯಲ್ಲಿ ಹೋಗಲಿಲ್ಲ.

ತಪ್ಪು ಯಂತ್ರದ್ದಲ್ಲ. 1992ರಲ್ಲಿ ಮೊದಲ ಎಸ್ಸೆಮ್ಮೆಸ್ ಹೋದಂದಿನಿಂದ ಅದರ ಸ್ವಭಾವವೇ ಅದು: ತಲುಪಬೇಕಾದವನು ಸಿಗದಿದ್ದರೆ ಜಾಲದ ಕೇಂದ್ರವು ಸಂದೇಶವನ್ನು ಇಟ್ಟುಕೊಂಡು, ಸಿಕ್ಕಾಗ ಒಪ್ಪಿಸುತ್ತದೆ. ಮನುಷ್ಯರಿಗೆ ಅದು ವರ. ಮೋಟಾರಿಗೆ ಮಾತ್ರ, ತಡವಾಗಿ ತಲುಪುವ ಆಜ್ಞೆಗಿಂತ ತಲುಪದೇ ಹೋಗುವ ಆಜ್ಞೆ ಎಷ್ಟೋ ಮೇಲು. ಅಲ್ಲಿಂದ ಮುಂದೆ ನಾನು ಸಿಗ್ನಲ್ ಎಷ್ಟು ದೂರ ಹೋಗುತ್ತದೆಂದು ನೋಡುವುದನ್ನು ಬಿಟ್ಟು, ಹೇಳಿದ್ದು ಮುಟ್ಟಿತೋ ಇಲ್ಲವೋ ಎಂಬುದು ಹೇಳಿದವನಿಗೆ ಎಷ್ಟು ಬೇಗ ತಿಳಿಯುತ್ತದೆಂದು ನೋಡತೊಡಗಿದೆ.

ಎರಡನೆಯ ಬೇಸಿಗೆಯಲ್ಲಿ, ಯಂತ್ರಗಳು ಮೊಬೈಲ್ ಟವರಿನ ಮೂಲಕ ಪುಟ್ಟ ಸಂದೇಶ ಕಳಿಸಿಕೊಳ್ಳುವ ಪದ್ಧತಿಯಾದ ಎನ್‌ಬಿ-ಐಒಟಿ. ಸಿಮ್ ಸಿಕ್ಕಿದ್ದು ಕಾಲೇಜಿನ ಪ್ರಯೋಗಾಲಯದ ಹೆಸರಿನಲ್ಲಿ; ಸಾಮಾನ್ಯ ರೈತರೊಬ್ಬರು ಪೇಟೆಯ ಮೊಬೈಲ್ ಅಂಗಡಿಗೆ ಹೋಗಿ ಕೇಳಿದರೆ ಅಂಗಡಿಯವನು ಮುಖ ನೋಡುತ್ತಾನೆ. 2016ರಲ್ಲಿ ಅಂತಿಮಗೊಂಡ ಈ ಪದ್ಧತಿಯು 4ಜಿ ಜಾಲದೊಳಗೇ ಕೇವಲ 180 ಕಿಲೋಹರ್ಟ್ಜ್ ಅಗಲದ ಸಪೂರ ಓಣಿಯಲ್ಲಿ ನಡೆಯುತ್ತದೆ, ಮತ್ತು ಕೇಳದಿದ್ದವನಿಗೆ ಹೇಳಿದ್ದನ್ನೇ ಹೇಳುವ ಛಲ ಅದರದು. ಟವರಿನಿಂದ ಸಾಧನಕ್ಕೆ ಒಂದು ಸಂದೇಶವನ್ನು 2,048 ಬಾರಿಯವರೆಗೂ, ಸಾಧನದಿಂದ ಟವರಿಗೆ 128 ಬಾರಿಯವರೆಗೂ ಪುನರುಚ್ಚರಿಸುವ ಅವಕಾಶವಿದೆ. ಇದರಿಂದ 2ಜಿಗಿಂತ 20 ಡೆಸಿಬೆಲ್ ಹೆಚ್ಚು ಆಳಕ್ಕೆ, ಅಂದರೆ ನೂರರಲ್ಲೊಂದು ಪಾಲು ಬಲದ ಸಿಗ್ನಲಿಗೂ, ಅದು ಇಳಿಯಬಲ್ಲದು. ಇದು ಕಾಗದದ ಮೇಲಿನ ಮಾತಲ್ಲವೆಂದು ಶೆಡ್ಡಿನಲ್ಲೇ ಕಂಡೆ: ನನ್ನ ಫೋನು ಸಿಗ್ನಲ್ ಇಲ್ಲವೆನ್ನುತ್ತಿರುವಾಗ ಪಕ್ಕದ ಮಾಡ್ಯೂಲು ಜಾಲಕ್ಕೆ ಸೇರಿಕೊಂಡಿತ್ತು.

ಹಳ್ಳದ ಗುಂಡಿಯ ನೀರಿನ ಮಟ್ಟವನ್ನು ಗಂಟೆಗೊಮ್ಮೆ ತಿಳಿಸುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಅದು ಮಾತಾಡಿ ಮಲಗುತ್ತದೆ, ಮಲಗಿದಾಗ ಕೆಲವೇ ಮೈಕ್ರೋಆಂಪಿಯರಿನಲ್ಲಿ ಉಸಿರಾಡುತ್ತದೆ, ಬ್ಯಾಟರಿಯ ಚಿಂತೆಯೇ ಇಲ್ಲ. ಆದರೆ ಮಲಗಿದವನನ್ನು ನಾವು ಎಬ್ಬಿಸಲಾಗದು, ಅವನೇ ಎದ್ದಾಗ ಹೇಳಬೇಕು. ನಿದ್ದೆ ಕಡಿಮೆ ಮಾಡಿ ಹೊಂದಿಸಿದರೂ ಆಜ್ಞೆಗೆ ಉತ್ತರ ಒಮ್ಮೆ ನಾಲ್ಕು ಸೆಕೆಂಡಿಗೆ, ಒಮ್ಮೆ ಅರ್ಧ ನಿಮಿಷಕ್ಕೆ ಬರುತ್ತಿತ್ತು. ಅದನ್ನು ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ಇನ್ನೊಂದು: ಎನ್‌ಬಿ-ಐಒಟಿಯೂ ನಿಂತಿರುವುದು ಅದೇ ಟವರಿನ ಮೇಲೆ. ಮಾರ್ಚಿಯಲ್ಲಿ ಸತ್ತ ಟವರು ಏಪ್ರಿಲ್‌ನಲ್ಲಿ ಮತ್ತೆರಡು ಸಲ ಸತ್ತಿತು. ಮಲೆನಾಡಿನಲ್ಲಿ ಮರ ಬಿದ್ದು ಲೈನ್ ಹೋಗುವ ದಿನವೂ ಟವರು ಮಲಗುವ ದಿನವೂ ಒಂದೇ ಆಗಿರುತ್ತವೆ. ಕರೆಂಟ್ ಬಂದ ಕೂಡಲೇ ಪಂಪು ಬೇಕಾಗುವುದೂ ಅದೇ ದಿನ.

ಮೂರನೆಯದು ಲೋರಾ ಎಂಬ ರೇಡಿಯೊ ಪದ್ಧತಿ, ಇದರ ಮೇಲೆ ನಾನು ಹೆಚ್ಚು ಹೊತ್ತು ಕಳೆದೆ. ಫ್ರಾನ್ಸಿನ ಗ್ರೆನೋಬಲ್‌ನ ಸೈಕ್ಲಿಯೊ ಎಂಬ ಸಣ್ಣ ಸಂಸ್ಥೆಯಲ್ಲಿ ಹುಟ್ಟಿ, 2012ರಲ್ಲಿ ಸೆಮ್‌ಟೆಕ್ ಕಂಪನಿಯ ಪಾಲಾದ ತಂತ್ರ ಇದು. ಇದಕ್ಕೆ ಸಿಮ್ ಇಲ್ಲ, ಟವರಿಲ್ಲ. ಎರಡೂ ತುದಿ ನಮ್ಮದೇ. ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಜ್‌ವರೆಗಿನ ಪಟ್ಟಿಯಲ್ಲಿ ನಿಗದಿತ ಶಕ್ತಿಯೊಳಗೆ ಪ್ರಸಾರ ಮಾಡಲು ಲೈಸೆನ್ಸ್ ಬೇಕಿಲ್ಲ, 2021ರ ನಿಯಮದಲ್ಲಿ ಅದು 868ರವರೆಗೆ ಚಾಚಿದೆ. ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ 433 ಮೆಗಾಹರ್ಟ್ಜ್ ಮಾಡ್ಯೂಲುಗಳನ್ನು ಕೊಂಡು ತೋಟದಲ್ಲಿ ಹಾಕುವವರಿದ್ದಾರೆ. ಅದು ಈ ಪಟ್ಟಿಯ ಹೊರಗಿನದಾದ್ದರಿಂದ ನಾನು ಆ ದಾರಿಗೆ ಹೋಗಲಿಲ್ಲ.

ಲೋರಾದ ಗುಟ್ಟನ್ನು ಸಂಗೀತ ಕೇಳುವವರಿಗೆ ಹೇಳುವುದು ಸುಲಭ. ಸಾಮಾನ್ಯ ರೇಡಿಯೊ ನಿಂತ ಸ್ವರವನ್ನು ಹಿಡಿದು ಮಾತಾಡಿದರೆ, ಲೋರಾ ಜಾರು ಗಮಕದಂತೆ 125 ಕಿಲೋಹರ್ಟ್ಜ್ ಅಗಲದಲ್ಲಿ ಕೆಳಗಿನಿಂದ ಮೇಲಕ್ಕೆ ಜಾರುತ್ತದೆ. ಎಲ್ಲಿಂದ ಜಾರಲು ಶುರುಮಾಡಿತು ಎಂಬುದೇ ಅಕ್ಷರ. ಸಂತೆಯ ಗದ್ದಲದಲ್ಲೂ ಪರಿಚಿತ ಜಾರನ್ನು ಕಿವಿ ಹಿಡಿಯುವ ಹಾಗೆ ಗ್ರಾಹಕವು ಗದ್ದಲಕ್ಕಿಂತ ಕೆಳಗಿರುವ ಸಿಗ್ನಲನ್ನೂ ಹೆಕ್ಕುತ್ತದೆ. ಜಾರು ಎಷ್ಟು ನಿಧಾನವೆಂಬುದನ್ನು 7ರಿಂದ 12ರವರೆಗಿನ ಹರಡುವಿಕೆಯ ಅಂಕಿಯಿಂದ ನಾವೇ ನಿಗದಿಪಡಿಸಬಹುದು. 7ರಲ್ಲಿ ಗದ್ದಲಕ್ಕಿಂತ 7.5 ಡೆಸಿಬೆಲ್ ಕೆಳಗಿನವರೆಗೆ, 12ರಲ್ಲಿ 20 ಡೆಸಿಬೆಲ್ ಕೆಳಗಿನವರೆಗೆ ಕೇಳಿಸುತ್ತದೆ. ಹತ್ತು ಬೈಟಿನ ನನ್ನ ಸಂದೇಶ 7ರಲ್ಲಿ 41 ಮಿಲಿಸೆಕೆಂಡಿನಲ್ಲಿ ಮುಗಿದರೆ 12ರಲ್ಲಿ ಸುಮಾರು ಒಂದು ಸೆಕೆಂಡ್ ತೆಗೆದುಕೊಳ್ಳುತ್ತದೆ. ಪಂಪಿಗೆ ಒಂದು ಸೆಕೆಂಡ್ ಏನೂ ಅಲ್ಲ.

ಗುಡ್ಡವೇ ಇಲ್ಲದಿದ್ದರೆ, 25 ಮಿಲಿವ್ಯಾಟ್ ಪ್ರಸಾರಕ್ಕೆ 1.4 ಕಿಲೋಮೀಟರಿನಾಚೆ ಸುಮಾರು −80 ಡಿಬಿಎಂ ಸಿಗಬೇಕೆಂದು ಲೆಕ್ಕ ಹೇಳುತ್ತದೆ (ಡಿಬಿಎಂ ಎಂಬುದು ಸಿಗ್ನಲಿನ ಬಲದ ಅಳತೆ; ಮೈನಸ್ ಅಂಕಿ ದೊಡ್ಡದಾದಷ್ಟೂ ಬಲ ಕಡಿಮೆ). ತಾಮ್ರದ ತಂತಿಯನ್ನು 8.6 ಸೆಂಟಿಮೀಟರಿಗೆ ಕತ್ತರಿಸಿ ಮಾಡಿದ ಆಂಟೆನಾವನ್ನು ಸೂರಿನ ಕೆಳಗೆ ಸಿಕ್ಕಿಸಿದಾಗ ಸಿಕ್ಕಿದ್ದು ಸೊನ್ನೆ. ಒಂಬತ್ತು ಮೀಟರಿನ ಜಿ.ಐ. ಪೈಪು ನಿಲ್ಲಿಸಿ ತುದಿಗೆ ಆಂಟೆನಾ ಏರಿಸಿ, ಕೆಳಗಿನ ಪೆಟ್ಟಿಗೆಗೆ ಸಾಮಾನ್ಯ ಕೋಯಾಕ್ಸ್ ಕೇಬಲ್ ಇಳಿಸಿದಾಗ ಹತ್ತರಲ್ಲಿ ಐದಾರು ಸಂದೇಶ ದಾಟಿದವು. ಆ ಕೇಬಲ್ಲು ಈ ಆವರ್ತನದಲ್ಲಿ ಹತ್ತು ಮೀಟರಿಗೆ 5 ಡೆಸಿಬೆಲ್ಲಿನಷ್ಟನ್ನು ತಾನೇ ನುಂಗುತ್ತದೆಂದು ಪ್ರತಿ ವರ್ಷ ತರಗತಿಯಲ್ಲಿ ಹೇಳುವ ನಾನು ನನ್ನ ಮನೆಯಂಗಳದಲ್ಲಿ ಅದನ್ನು ಮರೆತಿದ್ದೆ. ರೇಡಿಯೊ ಪೆಟ್ಟಿಗೆಯನ್ನೇ ಪೈಪಿನ ತುದಿಗೆ ಏರಿಸಿ, ಕೆಳಕ್ಕೆ ವಿದ್ಯುತ್ತಿನ ಮತ್ತು ಸ್ವಿಚ್ಚಿನ ತಂತಿಗಳನ್ನು ಮಾತ್ರ ತಂದ ಮೇಲೆ −118 ಡಿಬಿಎಂ ನಿಂತಿತು. ಗುಡ್ಡವೂ ತೋಟವೂ ಸೇರಿ 38 ಡೆಸಿಬೆಲ್ ತಿಂದಿವೆ ಎಂದಾಯಿತು, ಆದರೂ 7ರ ಅಂಕಿಯಲ್ಲೇ ಕೆಲಸ ನಡೆಯಿತು. ಜುಲೈ ಮಳೆಯಲ್ಲಿ ಎಲೆಯೆಲ್ಲ ತೊಯ್ದಾಗ ಅಳೆದರೆ −126ಕ್ಕೆ ಇಳಿದಿತ್ತು, 7 ಕೈಕೊಟ್ಟಿತು, 10ಕ್ಕೆ ಏರಿಸಿದಾಗ ಮತ್ತೆ ಸರಿಯಾಯಿತು. "ಮಳೆಗಾಲದಲ್ಲಿ ಯಾರಿಗಯ್ಯಾ ಬೇಕು ಪಂಪು?" ಎಂದು ಅಪ್ಪಯ್ಯ ಕೊಡೆ ಹಿಡಿದು ನಿಂತು ಕೇಳಿದರು. ಅಂದಿನಿಂದ ಅಂಕಿಯನ್ನು 10ರಲ್ಲೇ ಬಿಟ್ಟಿದ್ದೇನೆ.

ಉತ್ತರದ ಪ್ರಶ್ನೆಯನ್ನು ಇಲ್ಲಿ ಮೊದಲೇ ಕಟ್ಟಿಕೊಳ್ಳಬಹುದಾದ್ದರಿಂದ ಲೋರಾ ನನಗೆ ಹಿಡಿಸಿತು. ಜಗುಲಿಯ ಗುಂಡಿ ಒತ್ತಿದರೆ ಆಜ್ಞೆ ಹೋಗುತ್ತದೆ; ಪಂಪಿನ ತುದಿಯು ರಿಲೇ ಹಾಕಿ, ಮೋಟಾರು ನಿಜವಾಗಿ ವಿದ್ಯುತ್ ಎಳೆಯುತ್ತಿದೆಯೇ ಎಂದು ಸಿ.ಟಿ. ಎಂಬ ವಿದ್ಯುತ್ ಅಳೆಯುವ ಸುರುಳಿಯಿಂದ ನೋಡಿದ ನಂತರವೇ ಉತ್ತರ ಕಳಿಸುತ್ತದೆ. ಆಗ ಜಗುಲಿಯಲ್ಲಿ ಹಸಿರು ದೀಪ ಹತ್ತುತ್ತದೆ. ಮೂರು ಸಲ ಕೇಳಿಯೂ ಉತ್ತರ ಬರದಿದ್ದರೆ ಕೆಂಪು ದೀಪ, ಮತ್ತು ಆ ಆಜ್ಞೆ ಅಲ್ಲಿಗೆ ಸತ್ತಂತೆ. ಮನೆಯ ತುದಿ ಎರಡು ನಿಮಿಷಕ್ಕೊಮ್ಮೆ "ನಾನಿದ್ದೇನೆ" ಎನ್ನುತ್ತಿರುತ್ತದೆ. ಹತ್ತು ನಿಮಿಷ ಅದು ಕೇಳದಿದ್ದರೆ ಪಂಪು ತಾನೇ ನಿಲ್ಲುತ್ತದೆ. ಯಾರೋ ನಮ್ಮ ಸಂದೇಶವನ್ನು ಹಿಡಿದಿಟ್ಟು ಮತ್ತೆ ಬಿತ್ತರಿಸದಂತೆ ಪ್ರತಿಯೊಂದಕ್ಕೂ ಏರುವ ಸಂಖ್ಯೆ ಮತ್ತು ಗೂಢಲಿಪಿ ಇದೆ. ಮನೆಯ ತುದಿ ಇನ್ವರ್ಟರಿನ ಮೇಲೆ, ಶೆಡ್ಡಿನದು ಹತ್ತು ವ್ಯಾಟಿನ ಸೋಲಾರ್ ಫಲಕ ಮತ್ತು ಸಣ್ಣ ಬ್ಯಾಟರಿಯ ಮೇಲೆ. ಕಳೆದ ಬೇಸಿಗೆಯಲ್ಲಿ ಊರಿಗೆ ಊರೇ ಮೊಬೈಲ್ ಸಿಗ್ನಲ್ ಇಲ್ಲದೆ ಕುಳಿತ ಎರಡು ದಿನ ನಮ್ಮ ಜಗುಲಿಯ ಹಸಿರು ದೀಪ ಹತ್ತಿತ್ತು.

ಆದರೆ ಏಪ್ರಿಲ್ಲಿನಲ್ಲಿ ಸಿಡಿಲೊಂದು ಹತ್ತಿರದಲ್ಲೇ ಬಡಿದು ಪೈಪಿನ ತುದಿಯ ಪೆಟ್ಟಿಗೆ ಸುಟ್ಟಿತು. ಪೇಟೆಯ ರಿಪೇರಿಯವನು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಮರಳಿ ಕೊಟ್ಟನಂತೆ. ನಾನು ಊರಿಗೆ ಹೋಗಲು ಐದು ದಿನವಾಯಿತು. ಐದು ದಿನ ಅಪ್ಪಯ್ಯ ಹಳೆಯ ಬ್ಯಾಟರಿ ಹಿಡಿದು ಗುಡ್ಡ ಸುತ್ತಿದರು. ಮಾಡ್ಯೂಲಿನ ಬೆಲೆ ಕೆಲವು ನೂರು ರೂಪಾಯಿ, ನಿಜ. ಅದನ್ನು ಬದಲಿಸಬಲ್ಲವನು ಊರಿನಲ್ಲಿ ಒಬ್ಬನೂ ಇಲ್ಲ ಎಂಬುದನ್ನು ಯಾವ ಲೆಕ್ಕದಲ್ಲಿ ಸೇರಿಸುವುದು?

ಹಾಗಾಗಿ ಪಕ್ಕದ ಮನೆಯ ಅಣ್ಣ ತಮ್ಮ ಪಂಪಿಗೆ ಯಾವುದನ್ನು ಹಾಕಲಿ ಎಂದು ಕೇಳಿದಾಗ ಮೊಬೈಲ್ ಸ್ಟಾರ್ಟರನ್ನೇ ಹೇಳಿದೆ, ಎಸ್ಸೆಮ್ಮೆಸ್ ಸೌಲಭ್ಯವನ್ನು ಮುಚ್ಚಿಸಿ, ಕರೆಯಲ್ಲಿ ಮಾತ್ರ ಓಡಿಸುವ ಷರತ್ತಿನ ಮೇಲೆ. ಅವರ ಶೆಡ್ಡು ದಿಬ್ಬದ ಮೇಲಿದೆ, ಕರೆ ತಾಗುತ್ತದೆ. ಕರೆಯಾದರೆ ಆ ಕ್ಷಣಕ್ಕೆ ಮುಟ್ಟುತ್ತದೆ, ಇಲ್ಲವೆಂದರೆ ಇಲ್ಲ. ನೀರಿನ ಮಟ್ಟ, ಮಳೆಯ ಅಳತೆ, ಮಣ್ಣಿನ ತೇವ ಮುಂತಾಗಿ ತಿಳಿಸಿದರೆ ಸಾಕಾದ ಕೆಲಸಗಳಿಗೆ ಸಿಮ್ ಸಿಗುವುದಾದರೆ ಎನ್‌ಬಿ-ಐಒಟಿಯನ್ನೇ ಆರಿಸುತ್ತೇನೆ. ನಮ್ಮ ಪಂಪಿಗೆ ಲೋರಾ ಉಳಿದಿದೆ. ಹೆಚ್ಚುವರಿ ಪೆಟ್ಟಿಗೆಯೊಂದನ್ನು ಸಿದ್ಧಮಾಡಿ ಇಟ್ಟಿದ್ದೇನೆ, ಬಿಚ್ಚಿ ಸಿಕ್ಕಿಸುವುದನ್ನು ಅಪ್ಪಯ್ಯನಿಗೆ ಕಲಿಸಿದ್ದೇನೆ. ಜೂನ್ ಮೊದಲ ವಾರ ಪೈಪಿನ ತುದಿಯ ಪೆಟ್ಟಿಗೆಯನ್ನು ಇಳಿಸಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟದ ಮೇಲೆ ಇಡುವುದು ಈಗ ಅವರ ಕೆಲಸ. ನೀರು ಬಿಡುವ ಕಾಲಕ್ಕೆ, ಡಿಸೆಂಬರಿನಲ್ಲಿ, ಅದು ಮತ್ತೆ ಮೇಲೇರುತ್ತದೆ.