ಯುಎಸ್‌ಬಿ ಡ್ಯಾಕ್ ಜೊತೆ ಮೂರು ವರ್ಷ: ಯಾವ ಕರಕರ ಹೋಯಿತು, ಯಾವುದು ಹೋಗಲಿಲ್ಲ

ಈ ಪುಟ್ಟ ಯುಎಸ್‌ಬಿ ಡ್ಯಾಕ್ ನನ್ನ ಮೇಜಿಗೆ ಬಂದು ಮೂರು ವರ್ಷ ದಾಟಿತು. ಕಂಪ್ಯೂಟರಿನಲ್ಲಿ ಅಂಕಿಗಳಾಗಿರುವ ಹಾಡನ್ನು ಹೆಡ್‌ಫೋನ್‌ಗೆ ಬೇಕಾದ ಕರೆಂಟ್ ಆಗಿ ಬದಲಿಸುವ ಬೆರಳುದ್ದದ ಸಾಧನ. ಒಂದು ತುದಿ ಕಂಪ್ಯೂಟರಿಗೆ, ಇನ್ನೊಂದು ತುದಿಯಲ್ಲಿ 3.5 ಮಿ.ಮೀ. ಹೆಡ್‌ಫೋನ್ ಜ್ಯಾಕ್. ಬಟನ್ ಇಲ್ಲ, ಲೈಟ್ ಇಲ್ಲ. ಕೊಂಡಿದ್ದು ಒಂದೇ ಕಾರಣಕ್ಕೆ. ಡೆಸ್ಕ್‌ಟಾಪ್‌ನಲ್ಲಿ ಹಾಡು ಹಾಕಿದರೆ ಅದರ ಹಿಂದೆ ಸದಾ ಒಂದು ಕರಕರ ಇರುತ್ತಿತ್ತು.

ಆ ಸದ್ದು ಎಂಥದ್ದು ಅಂತ ಮೊದಲು ಹೇಳಿಬಿಡುತ್ತೇನೆ. ಇಂಥ ಡ್ಯಾಕ್ ನಿಮಗೆ ಬೇಕೋ ಬೇಡವೋ ಅನ್ನುವುದು ಅದರ ಮೇಲೇ ನಿಂತಿದೆ. ಹಾಡು ನಿಲ್ಲಿಸಿದರೂ ಸದ್ದು ನಿಲ್ಲುತ್ತಿರಲಿಲ್ಲ. ಮೌಸ್ ಸರಿಸಿದರೆ ಕಿರ್ರ್ ಅನ್ನುತ್ತಿತ್ತು. ಸ್ಕ್ರೋಲ್ ಮಾಡಿದರೆ ಬೇರೆ ಥರ. ಗೇಮ್ ಶುರುವಾದರೆ ಇನ್ನೂ ಜೋರು. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎಳೆಯುವ ಕರೆಂಟ್ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಆಡಿಯೊ ಚಿಪ್ ಕೂಡ ಅದೇ ಮದರ್‌ಬೋರ್ಡ್ ಮೇಲೆ, ಅದೇ ಪವರ್ ಸಪ್ಲೈ ನಂಬಿಕೊಂಡು ಕೂತಿರುತ್ತದೆ. ಹಾಗಾಗಿ ಆ ಏರಿಳಿತ ಹಾಡಿನೊಳಗೂ ನುಸುಳುತ್ತದೆ.

ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ ನೋಡಿ. ಹೆಡ್‌ಫೋನನ್ನು ಕ್ಯಾಬಿನೆಟ್‌ನ ಮುಂದಿನ ಜ್ಯಾಕ್‌ನಿಂದ ತೆಗೆದು ಹಿಂದಿನ ಜ್ಯಾಕ್‌ಗೆ ಹಾಕಿ. ಮುಂದಿನ ಜ್ಯಾಕ್‌ಗೆ ಹೋಗುವ ತೆಳ್ಳನೆಯ ವೈರ್ ಕ್ಯಾಬಿನೆಟ್ ಒಳಗೆ ಗ್ರಾಫಿಕ್ಸ್ ಕಾರ್ಡ್ ಪಕ್ಕದಲ್ಲೇ ಹಾದು ಬರುತ್ತದೆ, ದಾರಿಯುದ್ದಕ್ಕೂ ಕಸ ಹೊತ್ತು ತರುತ್ತದೆ. ನನಗೆ ಇಷ್ಟರಿಂದಲೇ ಅರ್ಧ ಸದ್ದು ಹೋಯಿತು. ಪೂರ್ತಿ ಹೋದರೆ ಡ್ಯಾಕ್ ಬೇಡವೇ ಬೇಡ. ಹಾಗೇ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಬಳಸದ ಮೈಕ್, ಲೈನ್-ಇನ್ (ಹೊರಗಿನ ಸಾಧನದ ಸದ್ದನ್ನು ಒಳತರುವ ಜ್ಯಾಕ್) ತೆರೆದಿದ್ದರೆ ಮ್ಯೂಟ್ ಮಾಡಿ. ಅವೂ ಸುಮ್ನೆ ಸುಯ್ ಅನ್ನುತ್ತಿರುತ್ತವೆ.

ಉಳಿದರ್ಧಕ್ಕೆ ಡ್ಯಾಕ್ ಚುಚ್ಚಿದೆ. ಆ ಕ್ಷಣದಲ್ಲಿ ಬಂದ ನಿಶ್ಶಬ್ದ ಈಗಲೂ ನೆನಪಿದೆ. ಮೌಸ್ ಎಷ್ಟು ಆಡಿಸಿದರೂ ಏನೂ ಇಲ್ಲ. ಹಾಡು ಅಂಕಿಗಳ ರೂಪದಲ್ಲೇ ಕ್ಯಾಬಿನೆಟ್‌ನಿಂದ ಹೊರಗೆ ಬಂದು, ಹೊರಗಡೆ ಅನಲಾಗ್ (ಸದ್ದಿನಂತೆಯೇ ಏರಿಳಿಯುವ ಕರೆಂಟ್) ಆಗುತ್ತದೆ. ಒಳಗಿನ ಗಲಾಟೆಗೆ ಸಿಕ್ಕಿಕೊಳ್ಳಲು ಅಲ್ಲಿ ಅನಲಾಗ್ ವೈರೇ ಇಲ್ಲ. ಡ್ರೈವರ್ ಹಾಕಬೇಕಾಗಲಿಲ್ಲ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಚುಚ್ಚಿದ ಕೂಡಲೇ ಕೆಲಸ ಮಾಡಿತು. ಹಾಡಿನ ಗುಣಮಟ್ಟದ ಲೆಕ್ಕದಲ್ಲಿ 24 ಬಿಟ್, 96 ಕಿಲೋಹರ್ಟ್ಜ್‌ವರೆಗೆ (ಸೆಕೆಂಡಿಗೆ 96,000 ಸ್ಯಾಂಪಲ್, ಅಂದರೆ ಸದ್ದಿನ ಅಳತೆಗಳು) ಹೋಗುತ್ತದೆ. ನನಗೆ ಅದಕ್ಕಿಂತ ಜಾಸ್ತಿ ಬೇಕಿಲ್ಲ.

ಎರಡನೇ ವರ್ಷ ಕರೆಂಟ್‌ನಲ್ಲಿ ನಡೆಯುವ ಸ್ಪೀಕರ್ ತಂದೆ. ಡ್ಯಾಕ್‌ಗೆ ಜೋಡಿಸಿದ ತಕ್ಷಣ ಗುಂಯ್ ಅನ್ನುವ ಸದ್ದು. ಡ್ಯಾಕ್ ಕೆಟ್ಟಿತು ಅಂದುಕೊಂಡೆ. ಹೆಡ್‌ಫೋನ್ ಹಾಕಿ ನೋಡಿದರೆ ಪೂರ್ತಿ ಶಾಂತ. ಮೌಸ್ ಆಡಿಸಿದರೂ ಗುಂಯ್ ಬದಲಾಗಲಿಲ್ಲ, ಕಂಪ್ಯೂಟರಿನಲ್ಲಿ ವಾಲ್ಯೂಮ್ ಸೊನ್ನೆ ಮಾಡಿದರೂ ಬದಲಾಗಲಿಲ್ಲ. ಇದು ಗ್ರೌಂಡ್ ಲೂಪ್. ಕಂಪ್ಯೂಟರ್ ಒಂದು ಪ್ಲಗ್ ಪಾಯಿಂಟ್‌ನಲ್ಲಿ, ಸ್ಪೀಕರ್ ಇನ್ನೊಂದರಲ್ಲಿ, ಎರಡಕ್ಕೂ ಅರ್ಥಿಂಗ್ ಇದೆ. ನಡುವೆ ಆಡಿಯೊ ಕೇಬಲ್ ಹಾಕಿದಾಗ ಅರ್ಥಿಂಗ್ ವೈರ್‌ಗಳೆಲ್ಲ ಸೇರಿ ಒಂದು ಬಳೆಯಾಗುತ್ತದೆ. ಆ ಬಳೆಯಲ್ಲಿ ಸುತ್ತುವ ಕರೆಂಟ್ 50 ಹರ್ಟ್ಜ್‌ನಲ್ಲಿ (ಕೆಲವು ದೇಶಗಳಲ್ಲಿ 60) ಮತ್ತು ಅದರ ದುಪ್ಪಟ್ಟಿನಲ್ಲಿ ಕೇಳಿಸುತ್ತದೆ. ಯುಎಸ್‌ಬಿ ಕೇಬಲ್‌ನಲ್ಲಿ ಡೇಟಾ ಜೊತೆ 5 ವೋಲ್ಟ್, ಗ್ರೌಂಡ್ ವೈರ್‌ಗಳೂ ಇರುತ್ತವೆ ಅಲ್ವಾ? ಹಾಗಾಗಿ ನನ್ನ ಡ್ಯಾಕ್ ಈ ಬಳೆಯನ್ನು ತುಂಡರಿಸಲಾರದು. ಇದು ಇದರ ದೋಷವಲ್ಲ. ಆದರೆ "ಎಲ್ಲ ಸದ್ದಿಗೂ ಪರಿಹಾರ" ಅಂತ ಡಬ್ಬಿಯ ಮೇಲೆ ಬರೆದಿದ್ದು ಮಾತ್ರ ತಪ್ಪು.

ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿದೆ. ಗುಂಯ್ ಬಹಳ ಕಡಿಮೆಯಾಯಿತು, ನಿಲ್ಲಲಿಲ್ಲ. ಆಮೇಲೆ ಡ್ಯಾಕ್‌ಗೂ ಸ್ಪೀಕರಿಗೂ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿದೆ. ಅದರೊಳಗೆ ಎಡಕ್ಕೊಂದು ಬಲಕ್ಕೊಂದು ಸಣ್ಣ ಟ್ರಾನ್ಸ್‌ಫಾರ್ಮರ್. ಹಾಡು ಕಾಂತಶಕ್ತಿಯಿಂದ ದಾಟುತ್ತದೆ, ವೈರ್ ಮಾತ್ರ ಎಲ್ಲೂ ತಾಗುವುದಿಲ್ಲ. ಗುಂಯ್ ಪೂರ್ತಿ ಹೋಯಿತು. ಅದರ ಜೊತೆ ಬೇಸ್ ಸ್ವಲ್ಪ ತೆಳುವಾಯಿತು, ಗಮನ ಕೊಟ್ಟು ಕೇಳಿದರೆ ಗೊತ್ತಾಗುತ್ತದೆ. ಕಂಪ್ಯೂಟರ್, ಸ್ಪೀಕರ್ ಎರಡರಲ್ಲೂ ಆಪ್ಟಿಕಲ್ ಜ್ಯಾಕ್ (ಹಾಡನ್ನು ಬೆಳಕಿನ ರೂಪದಲ್ಲಿ ಕಳಿಸುವ ಜ್ಯಾಕ್) ಇದ್ದರೆ ಅದನ್ನೇ ಬಳಸಿ. ಬೆಳಕಿನಲ್ಲಿ ಕರೆಂಟ್ ಹರಿಯುವುದಿಲ್ಲ, ಬೇಸ್ ಕೂಡ ಹೋಗುವುದಿಲ್ಲ.

ಪ್ಲಗ್‌ನ ಅರ್ಥ್ ಪಿನ್ ಮುರಿದರೆ ಗುಂಯ್ ನಿಲ್ಲುತ್ತದೆ ಅಂತ ಕೆಲವರು ಹೇಳುತ್ತಾರೆ. ನಿಲ್ಲುವುದು ನಿಜ. ಆದರೆ ಒಳಗೆ ಶಾರ್ಟ್ ಆದ ದಿನ ಆ ಕರೆಂಟ್ ಹೋಗುವುದು ಮುಟ್ಟಿದವರ ಮೈಯೊಳಗೆ. ದಯವಿಟ್ಟು ಅದನ್ನು ಮಾಡಬೇಡಿ.

ತಂಗಿಯ ಲ್ಯಾಪ್‌ಟಾಪ್‌ನಲ್ಲೂ ಇಂಥದ್ದೇ ತೊಂದರೆ ಇತ್ತು. ಚಾರ್ಜರ್ ಕಿತ್ತರೆ ಸದ್ದು ಮಾಯ, ಚುಚ್ಚಿದರೆ ಹಾಜರ್. ನನ್ನ ಡ್ಯಾಕ್ ಹಾಕಿ ನೋಡಿದರೂ ಉಪಯೋಗವಾಗಲಿಲ್ಲ. ಚಾರ್ಜರ್ ಬದಲಿಸಿದ ಮೇಲೆ ಸರಿಹೋಯಿತು.

ಡ್ಯಾಕ್‌ಗೆ ಸಂಬಂಧವೇ ಇಲ್ಲದ ಇನ್ನೊಂದು ಸದ್ದಿದೆ. ಹಾಡು ನಡೆಯುವಾಗ ಮಾತ್ರ ಮಧ್ಯೆ ಮಧ್ಯೆ ಪಟ್ ಪಟ್ ಅನ್ನುವುದು. ನಿಲ್ಲಿಸಿದರೆ ಏನೂ ಇರುವುದಿಲ್ಲ. ಡ್ಯಾಕ್‌ಗೆ ಅಂಕಿಗಳು ಹೊತ್ತಿಗೆ ಸರಿಯಾಗಿ ತಲುಪುತ್ತಿಲ್ಲ ಅಂತ ಇದರ ಅರ್ಥ. 48 ಕಿಲೋಹರ್ಟ್ಜ್‌ನಲ್ಲಿ ಬಫರ್ (ಅಂಕಿಗಳನ್ನು ಮುಂಚಿತವಾಗಿ ತುಂಬಿಡುವ ಜಾಗ) 64 ಸ್ಯಾಂಪಲ್ ಇಟ್ಟರೆ ಕಂಪ್ಯೂಟರಿಗೆ ಸಿಗುವ ಸಮಯ ಸುಮಾರು 1.3 ಮಿಲಿಸೆಕೆಂಡ್ ಮಾತ್ರ. ರೆಕಾರ್ಡಿಂಗ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಅದನ್ನು 256 ಮಾಡಿದೆ, ಅಲ್ಲಿ ನಿಂತಿತು. ಬೇರೆ ಕಡೆ ನಿಲ್ಲಲಿಲ್ಲ. ಲೇಟೆನ್ಸಿಮಾನ್ ಅನ್ನುವ ಪ್ರೋಗ್ರಾಮ್ ಓಡಿಸಿದಾಗ ವೈಫೈ ಡ್ರೈವರ್ ಪ್ರೊಸೆಸರನ್ನು ಹಿಡಿದಿಟ್ಟುಕೊಳ್ಳುತ್ತಿದೆ ಅಂತ ತಿಳಿಯಿತು. ಹೊಸ ಡ್ರೈವರ್ ಹಾಕಿದೆ. ಡ್ಯಾಕನ್ನು ಯುಎಸ್‌ಬಿ ಹಬ್‌ನಿಂದ (ಒಂದು ಪೋರ್ಟನ್ನು ಹಲವು ಮಾಡಿಕೊಡುವ ಡಬ್ಬಿ) ತೆಗೆದು ನೇರವಾಗಿ ಕಂಪ್ಯೂಟರಿಗೆ ಹಾಕಿದೆ. ಆ ಹಬ್‌ನಲ್ಲಿ ಹಾರ್ಡ್ ಡಿಸ್ಕ್ ಕೂಡ ಇತ್ತು. ಅವತ್ತಿನಿಂದ ಪಟ್ ಪಟ್ ಇಲ್ಲ.

ಇನ್ನು ಡ್ಯಾಕ್‌ನ ಸ್ವಂತ ಕೊರತೆಗಳು. ಸ್ವಲ್ಪ ಹೊತ್ತು ಏನೂ ಹಾಕದಿದ್ದರೆ ನಿದ್ದೆಗೆ ಜಾರುತ್ತದೆ, ಎದ್ದಾಗ ಟಪ್ ಅನ್ನುತ್ತದೆ, ಹಾಡಿನ ಮೊದಲ ಸ್ವರ ಕಳೆದುಹೋಗುತ್ತದೆ. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿದ ಮೇಲೆ ಇದು ಅಪರೂಪವಾಗಿದೆ. ಕರೆಂಟ್‌ಗೆ 300 ಓಮ್ ತಡೆ ಒಡ್ಡುವ ದೊಡ್ಡ ಹೆಡ್‌ಫೋನ್‌ಗೆ ಇದರ ಶಕ್ತಿ ಸಾಲದು. ಸಾಧಾರಣ 32 ಓಮ್‌ನದಕ್ಕೆ ಧಾರಾಳವಾಗಿ ಸಾಕು.

ಎಲ್ಲಕ್ಕಿಂತ ಬೇಸರ ತಂದಿದ್ದು ಕೇಬಲ್. ಡ್ಯಾಕ್‌ಗೇ ಅಂಟಿಕೊಂಡಿರುವ ಗಿಡ್ಡ ಕೇಬಲ್ ಅದು. ಎರಡೂವರೆ ವರ್ಷಕ್ಕೆ ಕುತ್ತಿಗೆಯ ಹತ್ತಿರ ಸಡಿಲವಾಗಿ, ತಿರುಚಿದರೆ ಸಂಪರ್ಕ ತಪ್ಪುತ್ತಿದೆ. ಈಗ ಯುಎಸ್‌ಬಿ ಎಕ್ಸ್‌ಟೆನ್ಷನ್ ಹಾಕಿ, ಡ್ಯಾಕನ್ನು ಮೇಜಿಗೆ ಟೇಪ್ ಹಚ್ಚಿ ಅಲುಗಾಡದ ಹಾಗೆ ಇಟ್ಟಿದ್ದೇನೆ. ಮುಂದಿನ ಸಲವೂ ಡ್ಯಾಕ್ ಕೊಳ್ಳುತ್ತೇನೆ, ಆದರೆ ಕೇಬಲ್ ಬೇರೆ ತೆಗೆದು ಬದಲಿಸಲು ಬರುವಂಥದ್ದನ್ನೇ.