ಏಳು ವರ್ಷಗಳ ಗಿಂಪ್ ಬಳಕೆ: ಚಹಾ ಬಟ್ಟಲಿನಲ್ಲಿ ಹಾರಿದ ಫ್ಲೆಮಿಂಗೊ

ಹಳೆಯ ಸಂಗ್ರಹಚಿತ್ರಗಳಿಂದ ತುಣುಕುಗಳನ್ನು ಆಯ್ದು, ಮಕ್ಕಳ ಕೋಣೆಗೆ ಒಪ್ಪುವಂಥ ವಿನೋದದ ಚಿತ್ರಗಳನ್ನು ಜೋಡಿಸುವುದು ನನ್ನ ಹವ್ಯಾಸ. ಅದಕ್ಕಾಗಿ ಚಿತ್ರಗಳನ್ನು ತಿದ್ದುವ ಗಿಂಪ್ ತಂತ್ರಾಂಶವನ್ನು, 2018ರಲ್ಲಿ ಅದರ 2.10 ಆವೃತ್ತಿ ಬಂದಾಗಿನಿಂದ ಬಳಸುತ್ತಿದ್ದೇನೆ. ಉಚಿತವೆಂದು ಆರಂಭಿಸಿದೆ, ಲೇಯರ್ ಮಾಸ್ಕ್ (ಒಂದರ ಮೇಲೊಂದು ಇಡುವ ಚಿತ್ರಪದರ, ಅಂದರೆ ಲೇಯರಿನ, ಬೇಡದ ಭಾಗವನ್ನು ಮರೆಮಾಡುವ ಮುಸುಕು) ಕೈಗೆ ಹತ್ತಿದ ಮೇಲೆ ಬೇರೆಯದನ್ನು ಹುಡುಕಲಿಲ್ಲ.

ಈಚಿನ ಚಿತ್ರವೊಂದರಲ್ಲಿ, ಜರ್ಮನಿಯ ಜೀವವಿಜ್ಞಾನಿ ಅರ್ನ್ಸ್ಟ್ ಹೆಕೆಲ್ ಬಿಡಿಸಿದ ಜೆಲ್ಲಿಫಿಶ್ ಬಲೂನಾಗಿದೆ. ಅದರ ಕೆಳಗೆ ತೂಗುವ ಚಹಾ ಬಟ್ಟಲಿನಲ್ಲಿ, ಅಮೆರಿಕದ ಪಕ್ಷಿಚಿತ್ರಕಾರ ಜಾನ್ ಜೇಮ್ಸ್ ಆಡುಬಾನ್ ಅವರ ಫ್ಲೆಮಿಂಗೊ ಕುಳಿತಿದೆ. ಇಬ್ಬರ ಚಿತ್ರಗಳೂ ಹಕ್ಕುಸ್ವಾಮ್ಯದ ಅವಧಿ ದಾಟಿದವು. ಬಟ್ಟಲು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯವು 2017ರಿಂದ ಮುಕ್ತ ಬಳಕೆಗೆ ಬಿಟ್ಟಿರುವ ಚಿತ್ರರಾಶಿಯದು. ಆಡುಬಾನರ ಹಕ್ಕಿ ಕತ್ತು ಬಗ್ಗಿಸಿ ನಿಂತಿರುವುದರಿಂದ, ಕಾಲುಗಳನ್ನು ಬಟ್ಟಲಿನ ಅಂಚಿನ ಹಿಂದೆ ಮರೆಮಾಡಿದೊಡನೆ ಅದು ಭೂಮಿಯನ್ನು ಇಣುಕಿ ನೋಡುವಂತಾಯಿತು.

ಜೆಲ್ಲಿಫಿಶ್‌ನ ಕೂದಲೆಳೆಯಂಥ ಎಳೆಗಳನ್ನು ಒಂದೊಂದಾಗಿ ಕತ್ತರಿಸಲು ಹೊರಟರೆ ವಾರ ಸಾಲದು. ಬೆಳಕು-ಕತ್ತಲೆಯ ಮಟ್ಟ ಹೊಂದಿಸುವ ಲೆವೆಲ್ಸ್‌ನಲ್ಲಿ ಹಳೆಯ ಕಾಗದದ ಹಳದಿಯನ್ನು ಬಿಳಿಯ ತನಕ ಎಳೆದು, ಲೇಯರನ್ನು ಕೆಳಗಿನ ಚಿತ್ರದೊಂದಿಗೆ ಬೆರೆಸುವ ಮಲ್ಟಿಪ್ಲೈ ವಿಧಾನಕ್ಕೆ ಬದಲಿಸಿದರೆ ಬಿಳಿಯೆಲ್ಲ ಮಾಯವಾಗಿ ಎಳೆಗಳು ಮಾತ್ರ ಆಕಾಶದ ಮೇಲೆ ಉಳಿಯುತ್ತವೆ. ಅದೇ ಉಪಾಯವನ್ನು ಫ್ಲೆಮಿಂಗೊಗೆ ಹೂಡಿದಾಗ ಹಕ್ಕಿಯ ಮೈಯೊಳಗಿಂದ ಮೋಡಗಳು ಕಾಣಿಸಿದವು! ಪಾರದರ್ಶಕತೆ ಜೆಲ್ಲಿಫಿಶ್‌ಗೆ ಭೂಷಣ, ಹಕ್ಕಿಗಲ್ಲ. ಅದಕ್ಕೆ ಲೇಯರ್ ಮಾಸ್ಕ್ ಬೇಕು: ಕಪ್ಪು ಬಳಿದಲ್ಲಿ ಚಿತ್ರ ಮರೆಯಾಗುತ್ತದೆ, ಬಿಳಿ ಬಳಿದಲ್ಲಿ ಮರಳುತ್ತದೆ, ಮೂಲ ಚಿತ್ರಕ್ಕೆ ಏನೂ ಆಗುವುದಿಲ್ಲ.

ನನ್ನ ಹಳೆಯ ದೂರು ನೆರಳಿನದು. ಎಷ್ಟೇ ಅಸಂಭವ ದೃಶ್ಯವಾದರೂ ಬೆಳಕು ಒಂದೇ ದಿಕ್ಕಿನಿಂದ ಬಾರದಿದ್ದರೆ ಕಣ್ಣು ಒಪ್ಪುವುದಿಲ್ಲ, ಆದರೆ 2.10ರಲ್ಲಿ ಒಮ್ಮೆ ಹಾಕಿದ ಮಸುಕು, ನೆರಳುಗಳನ್ನು ಆಮೇಲೆ ತಿದ್ದುವಂತಿರಲಿಲ್ಲವಾದ್ದರಿಂದ ಪ್ರತಿ ಬಾರಿಯೂ ಮೊದಲಿನಿಂದ ಮಾಡಬೇಕಿತ್ತು. 2025ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿಯಲ್ಲಿ ಇಂಥ ಪರಿಣಾಮಗಳು, ಅಂದರೆ ಫಿಲ್ಟರ್‌ಗಳು, ಲೇಯರಿಗೆ ಅಂಟಿಕೊಂಡೇ ಇದ್ದು, ಯಾವಾಗ ಬೇಕಾದರೂ ತೆರೆದು ಬದಲಿಸಬಹುದು. ಈ ಒಂದು ಸೌಲಭ್ಯಕ್ಕಾಗಿಯೇ ಹಳಬರು ಹೊಸ ಆವೃತ್ತಿಗೆ ಬರಬೇಕು.

ಕನ್ನಡದ ಒತ್ತಕ್ಷರಗಳು ಯುನಿಕೋಡ್ ಫಾಂಟುಗಳಲ್ಲಿ ಸರಿಯಾಗಿ ಮೂಡುತ್ತವೆ. ಮುದ್ರಣದ ನಾಲ್ಕು ಶಾಯಿಗಳ (ತಿಳಿನೀಲಿ, ಕಡುಗುಲಾಬಿ, ಹಳದಿ, ಕಪ್ಪು) ಸಿಎಂವೈಕೆ ವರ್ಣಕ್ರಮದಲ್ಲಿ ನೇರವಾಗಿ ಕೆಲಸ ಮಾಡಲು ಮಾತ್ರ ಇಂದಿಗೂ ಆಗದು. ಪರದೆಯ ಮೇಲೆ ಹೊಳೆಯುತ್ತಿದ್ದ ನನ್ನ ಫ್ಲೆಮಿಂಗೊದ ಗುಲಾಬಿ, ಕಾಗದದ ಮೇಲೆ ಬೆಂದ ಸೀಗಡಿಯ ಬಣ್ಣಕ್ಕಿಳಿಯಿತು. ಮುದ್ರಣದ ಬಣ್ಣ ಹೇಗಿರುತ್ತದೆಂದು ಪರದೆಯಲ್ಲೇ ತೋರಿಸುವ ಸಾಫ್ಟ್ ಪ್ರೂಫಿಂಗ್ ಆಯ್ಕೆಯನ್ನು ಮೊದಲೇ ತೆರೆದಿದ್ದರೆ ಇದು ತಿಳಿಯುತ್ತಿತ್ತು. ಎರಡನೆಯ ಪ್ರತಿಯನ್ನು ಅದರಲ್ಲಿ ನೋಡಿಕೊಂಡೇ ತೆಗೆಸಿದೆ.